ಚಿಕ್ಕ ಗೇರಿನ ಸಹವಾಸ

ಸ್ಟೇರಿಂಗ್ ಬಿಟ್ಟು ಮನೆಯಲ್ಲಿ ಕೂತು ಎರಡು ವರ್ಷವಾಯಿತು. ಈಗ ನನ್ನ ಕೈಯಲ್ಲಿರುವ ವಾಹನವೆಂದರೆ ಮೊಮ್ಮಗಳ ಮೂರು ಚಕ್ರದ ಸೈಕಲ್ಲು. ಅದನ್ನೂ ಹಿಂದಿನಿಂದ ತಳ್ಳುವುದಷ್ಟೇ ನನ್ನ ಪಾಲಿನ ಕೆಲಸ, ಎತ್ತ ತಿರುಗಬೇಕು ಅನ್ನುವುದೆಲ್ಲ ಅವಳದೇ ತೀರ್ಮಾನ. ಹೋದ ತಿಂಗಳು ನಮ್ಮ ಬೈರಾಪಟ್ಟಣದ ರವಿ ಬಂದಿದ್ದ. ಯಾವುದೋ ಕಂಪನಿಯಲ್ಲಿ ಫೋರ್ ವೀಲ್ ಡ್ರೈವ್ ಪಿಕಪ್ ಓಡಿಸುವ ಕೆಲಸ ಸಿಕ್ಕಿದೆಯಂತೆ. ಕಾಫಿ ಕುಡಿಯುತ್ತಾ ಕೇಳಿದ:

"ಅಣ್ಣೋ, ನಾಕೂ ಚಕ್ರ ಎಳೀತವೆ ಅಂದ್ಮೇಲೆ ಎಲ್ಲಿಗ್ ಬೇಕಾದ್ರೂ ಹೋಗ್ಬೋದು, ಅಲ್ವಾ?"

"ಹೋಗ್ಬೋದು ಕಣ್ಲಾ. ವಾಪಸ್ ಬರೋದು ಕಷ್ಟ" ಅಂದೆ.

ಅವನು ನಕ್ಕ. ನಾನು ತಮಾಷೆಗೆ ಹೇಳಿರಲಿಲ್ಲ. ಅವತ್ತು ಅವನಿಗೆ ಬಾಯಲ್ಲಿ ಹೇಳಿದ್ದು ಅರ್ಧ, ಅಷ್ಟರಲ್ಲಿ ಅವನ ಬಸ್ಸು ಬಂತು. ಉಳಿದದ್ದನ್ನು ಬರೆದಿಡುತ್ತಿದ್ದೇನೆ. ನಾನು ಮಾಡಿದ ತಪ್ಪುಗಳನ್ನೇ ರವಿಯೂ ಮಾಡಬೇಕಾಗಿಲ್ಲ. ಅವನು ಹೊಸ ತಪ್ಪುಗಳನ್ನು ಹುಡುಕಿಕೊಳ್ಳಲಿ.

ಮೊದಲು ನಾನು ಚನ್ನಪಟ್ಟಣದಿಂದ ಗೊಂಬೆ ಸಾಗಿಸುವ ಟೆಂಪೋ ಓಡಿಸುತ್ತಿದ್ದೆ. ಗೊಂಬೆಗಳಷ್ಟು ಒಳ್ಳೆಯ ಪ್ರಯಾಣಿಕರನ್ನು ನಾನು ಮತ್ತೆ ಕಾಣಲಿಲ್ಲ. ಗಾಡಿಯನ್ನು ಎಂಥ ಗುಂಡಿಗೆ ಇಳಿಸಿದರೂ ನಗುತ್ತಲೇ ಇರುತ್ತಿದ್ದವು. ಎರಡು ಸಾವಿರದ ಇಸವಿ ದಾಟಿದ ಮೇಲೆ ನಮ್ಮ ಕಡೆ ಎಲ್ಲವೂ ಒಟ್ಟಿಗೇ ಬದಲಾಗತೊಡಗಿತು. ಹೆದ್ದಾರಿ ಅಗಲವಾಯಿತು, ರಾಗಿ ಹೊಲಗಳ ಪಕ್ಕದಲ್ಲಿ ತಗಡಿನ ಕಾರ್ಖಾನೆ ಶೆಡ್ಡುಗಳು ಎದ್ದವು. ಎಲ್ಲರ ಜೇಬಿಗೂ ಮೊಬೈಲು ಬಂತು. ಮೊಬೈಲಿಗೆ ಸಿಗ್ನಲ್ ಬೇಕಲ್ಲ, ಅದಕ್ಕೆ ಗುಡ್ಡಗಳ ಮೇಲೆಲ್ಲ ಟವರ್ ನಿಲ್ಲಿಸಲು ಹೊರಟರು. ರಾಮನಗರದಲ್ಲಿ ಅಂಥ ಕೆಲಸ ಹಿಡಿದಿದ್ದ ಒಬ್ಬ ಕಂಟ್ರಾಕ್ಟರ್ ಬಳಿ ನಾನು ಡ್ರೈವರ್ ಆಗಿ ಸೇರಿದೆ. ಕಬ್ಬಿಣ, ಸಿಮೆಂಟು, ಬ್ಯಾಟರಿ, ಜನರೇಟರಿನ ಡೀಸೆಲ್, ಟವರ್ ಹತ್ತುವವರು, ಅವರ ಊಟದ ಕ್ಯಾರಿಯರ್, ಎಲ್ಲವನ್ನೂ ದಾರಿಯಿಲ್ಲದ ಕಡೆಗೆ ತಲುಪಿಸುವುದು ನನ್ನ ಕೆಲಸ.

ಅದಕ್ಕೆಂದು ಕೊಟ್ಟಿದ್ದು ಬಿಳಿ ಬಣ್ಣದ ಫೋರ್ ವೀಲ್ ಡ್ರೈವ್ ಪಿಕಪ್. ಅದರಲ್ಲಿ ಗೇರಿನ ಕಡ್ಡಿ ಎರಡು. ದೊಡ್ಡದು ಎಲ್ಲ ಗಾಡಿಯಲ್ಲೂ ಇರುವಂಥದ್ದು. ಪಕ್ಕದ ಚಿಕ್ಕ ಕಡ್ಡಿಗೆ ನಾವು ಚಿಕ್ಕ ಗೇರು ಅನ್ನುತ್ತಿದ್ದೆವು. ಅದರ ತಲೆಯ ಮೇಲೆ ನಾಲ್ಕು ಗುರುತು. ಟೂ ಎಚ್ ಅಂದರೆ ಹಿಂದಿನ ಎರಡು ಚಕ್ರ ಮಾತ್ರ ಎಳೆಯುತ್ತವೆ, ಟಾರು ರಸ್ತೆಗೆ. ಫೋರ್ ಎಚ್ ಅಂದರೆ ನಾಲ್ಕೂ ಎಳೆಯುತ್ತವೆ, ಕೆಸರಿಗೆ, ಮರಳಿಗೆ. ಫೋರ್ ಎಲ್ ಅಂದರೆ ನಾಲ್ಕೂ ಎಳೆಯುತ್ತವೆ, ಆದರೆ ಆಮೆಯ ವೇಗದಲ್ಲಿ, ಆನೆಯ ಬಲದಲ್ಲಿ. ಇವುಗಳ ನಡುವೆ ಎನ್ ಅಂತ ಒಂದು ಗುರುತು ಇತ್ತು. ಅದು ಯಾಕಿದೆ ಎಂದು ನಾನು ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ಅದರ ಕಥೆ ಮುಂದೆ ಬರುತ್ತದೆ.

ನನ್ನ ಮೇಲಿನವರು ಸೈಟ್ ಮ್ಯಾನೇಜರ್ ಪರಮೇಶ್ ಸಾರ್. ಬೆಂಗಳೂರಿನವರು, ಇಸ್ತ್ರಿ ಮಾಡಿದ ಶರ್ಟು, ಜೇಬಿನಲ್ಲಿ ಮೂರು ಪೆನ್ನು. ಮನುಷ್ಯ ಒಳ್ಳೆಯವರು. ಗಾಡಿಯ ವಿಷಯದಲ್ಲಿ ಅವರಿಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂದು ನಾನು ನಂಬಿದ್ದೆ, ಯಾಕೆಂದರೆ ಅವರೇ ಹಾಗೆ ಹೇಳಿದ್ದರು.

ಹೊಸ ಗಾಡಿಗೆ ದೊಡ್ಡಮಳೂರಿನಲ್ಲಿ ಪೂಜೆ ಮಾಡಿಸೋಣ ಎಂದು ಹೊರಟ ದಿನವೇ ಅವರು ಚಿಕ್ಕ ಗೇರು ತೋರಿಸಿ ಕೇಳಿದರು:

"ಇದು ಯಾಕೆ ಟೂನಲ್ಲಿದೆ ಸಿದ್ದರಾಜು?"

"ಟಾರ್ ರೋಡಲ್ವಾ ಸಾರ್."

"ನಾಲ್ಕು ಚಕ್ರಕ್ಕೂ ಮೋಟಾರ್ ಕೊಟ್ಟಿದಾರೆ. ಎರಡಕ್ಕೆ ಮಾತ್ರ ಕೆಲಸ ಕೊಟ್ಟು ಇನ್ನೆರಡನ್ನ ಸುಮ್ನೆ ಕೂರಿಸ್ಕೋತೀಯಲ್ಲ. ನಮ್ಮ ಆಫೀಸಿನಲ್ಲಿ ಹಾಗೆ ಮಾಡಿದ್ರೆ ಒಪ್ತಾರಾ?"

ಆಫೀಸಿನ ಮಾತು ಬಂದ ಮೇಲೆ ಮುಗಿಯಿತು. ಕೆಳಗಿಳಿದು ಮುಂದಿನ ಒಂದೊಂದು ಚಕ್ರದ ನಡುಮಧ್ಯದಲ್ಲಿರುವ ಹಬ್ ತಿರುಗಿಸಿದೆ. ಆ ಕಾಲದ ಗಾಡಿಗಳಲ್ಲಿ ಮುಂದಿನ ಚಕ್ರಗಳನ್ನು ಎಂಜಿನ್ನಿಗೆ ಸೇರಿಸಲು ಡ್ರೈವರ್ ಇಳಿದು, ಎರಡೂ ಹಬ್ಬುಗಳ ಗುಂಡಿಯನ್ನು ಕೈಯಲ್ಲೇ ತಿರುಗಿಸಿ ಲಾಕ್ ಮಾಡಬೇಕಿತ್ತು. ಮಾಡಿದೆ. ಚಿಕ್ಕ ಗೇರನ್ನು ಫೋರ್ ಎಚ್‌ಗೆ ತಳ್ಳಿದೆ. ಹೊರಟೆವು.

ಹೆದ್ದಾರಿಯಲ್ಲಿ ನೆಟ್ಟಗೆ ಹೋಗುವವರೆಗೂ ಏನೂ ಗೊತ್ತಾಗಲಿಲ್ಲ. ದೇವಸ್ಥಾನದ ಮುಂದೆ ತಿರುಗಿಸಬೇಕಾಯಿತು ನೋಡಿ, ಸ್ಟೇರಿಂಗ್ ಬೀಸುವ ಕಲ್ಲಿನ ಹಾಗೆ ಆಯಿತು. ಟೈರು ಕಿರ್ ಅಂತು. ಗಾಡಿ ಒಂದು ಹೆಜ್ಜೆ ಮುಂದೆ ಹೋಗಿ, ಬೇಡ ಅನ್ನುವ ಹಾಗೆ ನಿಂತು, ಮತ್ತೆ ಕುಪ್ಪಳಿಸಿತು. ಚಕ್ರದ ಕೆಳಗೆ ನಿಂಬೆಹಣ್ಣು ಇಡಲು ಬಗ್ಗಿದ್ದ ಅರ್ಚಕರು ಎದ್ದು ನಾಲ್ಕು ಮಾರು ಹಿಂದೆ ಹೋದರು.

"ಗಾಡಿ ಯಾಕಪ್ಪ ಹಿಂಗೆ ಹಟ ಮಾಡ್ತದೆ?"

"ಹೊಸದು ಸ್ವಾಮಿ" ಅಂದರು ಪರಮೇಶ್ ಸಾರ್.

ಪೂಜೆಯಾದ ಮೇಲೆ ಚಿಕ್ಕ ಗೇರನ್ನು ಹಿಂದಕ್ಕೆ ಎಳೆದರೆ ಅದು ಅಲ್ಲಾಡಲಿಲ್ಲ. ಎರಡು ಕೈಯಲ್ಲಿ ಎಳೆದೆ. ಸಾರ್ ಕೂಡ ಕೈ ಹಾಕಿದರು. ಇಬ್ಬರೂ ಸೇರಿ ಬಾವಿಯಿಂದ ನೀರು ಸೇದುವವರ ಹಾಗೆ ಜಗ್ಗಿದ್ದು ನೋಡಿ ಅರ್ಚಕರು ಇನ್ನೊಂದು ನಿಂಬೆಹಣ್ಣು ತಂದರು. ಕೊನೆಗೆ ಹಾಗೇ ಕಿರುಗುಟ್ಟಿಸಿಕೊಂಡು ಚನ್ನಪಟ್ಟಣದ ರಹಮತ್ ಸಾಬರ ಶೆಡ್ಡಿಗೆ ಹೋದೆವು.

ರಹಮತ್ ಸಾಬರು ನಾನು ಟೆಂಪೋ ಓಡಿಸುವ ಕಾಲದಿಂದಲೂ ಪರಿಚಯದ ಮೆಕ್ಯಾನಿಕ್ಕು. ಕೆಳಗೆ ಬಗ್ಗಿ ಒಂದು ಸಲ ನೋಡಿದರು. ಮುಂದಿನ ಒಂದು ಚಕ್ರಕ್ಕೆ ಜಾಕ್ ಕೊಟ್ಟು ಎತ್ತಿದರು. ಚಕ್ರ ನೆಲ ಬಿಡುತ್ತಿದ್ದಂತೆ ಠಕ್ ಎಂದು ತಾನಾಗಿಯೇ ಒಂದಿಷ್ಟು ತಿರುಗಿತು. ಆಮೇಲೆ ಚಿಕ್ಕ ಗೇರನ್ನು ಎರಡೇ ಬೆರಳಲ್ಲಿ ಎಳೆದರು, ಬಂತು.

"ಟಾರ್ ಮೇಲೆ ಫೋರ್ ಹಾಕ್ದೋರು ಯಾರು?" ಅಂದರು.

ನಾನು ಸಾರ್ ಮುಖ ನೋಡಿದೆ. ಸಾರ್ ಶೆಡ್ಡಿನ ಛಾವಣಿ ನೋಡಿದರು.

ಬಾಯಲ್ಲಿ ಹೇಳಿದರೆ ನಮಗೆ ಅರ್ಥವಾಗುವುದಿಲ್ಲ ಎಂದು ರಹಮತ್ ಸಾಬರಿಗೆ ಅನ್ನಿಸಿರಬೇಕು. ಒಂದು ಹಗ್ಗ ತಂದು ನನ್ನ ಸೊಂಟಕ್ಕೂ ಸಾರ್ ಸೊಂಟಕ್ಕೂ ಸೇರಿಸಿ ಕಟ್ಟಿದರು. ಅಂಗಳದ ಮಧ್ಯೆ ಒಂದು ಆಯಿಲ್ ಡ್ರಮ್ಮು ಇತ್ತು.

"ಸಾಹೇಬ್ರು ಮುಂದಿನ ಚಕ್ರ. ಸಿದ್ರಾಜು ಹಿಂದಿನ ಚಕ್ರ. ಇಬ್ರೂ ಡ್ರಮ್ಮನ್ನ ಸುತ್ತಿ. ಮುಂದಿನ ಚಕ್ರ ಹೊರಗಡೆಯಿಂದ ದೊಡ್ಡ ಸುತ್ತು, ಹಿಂದಿನದು ಒಳಗಡೆಯಿಂದ ಚಿಕ್ಕ ಸುತ್ತು. ಆದ್ರೆ ಇಬ್ರೂ ಒಂದೇ ಲೆಕ್ಕಕ್ಕೆ ಹೆಜ್ಜೆ ಇಡ್ಬೇಕು. ಒಂದು, ಎರಡು, ಮೂರು."

ನಾಲ್ಕನೇ ಹೆಜ್ಜೆಗೆ ಹಗ್ಗ ಬಿಗಿಯಾಯಿತು. ನಾನು ಮುಂದೆ ಹೋಗಿಬಿಟ್ಟಿದ್ದೆ, ಸಾರ್ ಇನ್ನೂ ಅರ್ಧ ಸುತ್ತಿನಲ್ಲಿದ್ದರು. ಆರನೇ ಹೆಜ್ಜೆಗೆ ನಾನು ಅವರನ್ನು ಎಳೆಯುತ್ತಿದ್ದೆ, ಅವರು ಪ್ಯಾಂಟು ಹಿಡಿದುಕೊಂಡು ನನ್ನನ್ನು ಎಳೆಯುತ್ತಿದ್ದರು. ಎಂಟನೆಯದಕ್ಕೆ ಇಬ್ಬರೂ ಡ್ರಮ್ಮನ್ನು ತಬ್ಬಿಕೊಂಡು ನಿಂತೆವು.

"ಈಗ ಗೇರು ಯಾಕೆ ಕಚ್ಕೊಂತು ಅಂತ ತಿಳೀತಾ?" ಅಂದರು ರಹಮತ್ ಸಾಬರು. "ಮಣ್ಣಾದ್ರೆ ಚಕ್ರ ಒಸಿ ಜಾರಿ ಸರಿ ಮಾಡ್ಕೊಂತದೆ. ಒಣಗಿದ ಟಾರ್ ಮೇಲೆ ಜಾರಾಕೆ ಆಯ್ತದಾ? ಒಳಗಿರೋ ಗೇರುಗಳು ನಿಮ್ಮಿಬ್ರ ಥರ ಜಗ್ಗಾಡ್ಕೊಂಡು ಸಾಯ್ತವೆ."

ಸಾರ್ ಬೆಲ್ಟು ಸರಿಮಾಡಿಕೊಂಡು ಗಂಭೀರವಾಗಿ ಹೇಳಿದರು, "ನಾನು ಹೇಳಿದ್ದೂ ಅದನ್ನೇ."

ಅವತ್ತಿನಿಂದ ನಾನು ಟಾರಿನ ಮೇಲೆ ಫೋರ್ ಹಾಕಿಲ್ಲ. ಮರೆಯದೆ ಹಬ್ಬುಗಳನ್ನೂ ಬಿಡಿಸಿ ಇಟ್ಟೆ. ಎಷ್ಟು ಚೆನ್ನಾಗಿ ಬಿಡಿಸಿ ಇಟ್ಟೆ ಅಂದರೆ, ಅವು ಇದ್ದಾವೆ ಅನ್ನುವುದೇ ಮರೆತುಹೋಯಿತು.

ಮಳೆಗಾಲ ಶುರುವಾದಾಗ ಕೈಲಾಂಚದ ಹತ್ತಿರ ಒಂದು ದಿಬ್ಬದ ಮೇಲೆ ಟವರ್ ಕೆಲಸ ಬಂತು. ಹಿಪ್ಪುನೇರಳೆ ತೋಟಗಳ ನಡುವಿನ ಗಾಡಿಜಾಡು. ರಾತ್ರಿ ಮಳೆ ಬಿದ್ದು ಕೆಂಪು ಮಣ್ಣು ಹಿಟ್ಟಿನ ಹಾಗೆ ಕಲಸಿಕೊಂಡಿತ್ತು. ನನಗೆ ಒಳಗೊಳಗೇ ಖುಷಿ. ಇವತ್ತು ಇದರ ನಿಜವಾದ ಶಕ್ತಿ ನೋಡೋಣ ಎಂದು ಚಿಕ್ಕ ಗೇರನ್ನು ಫೋರ್ ಎಚ್‌ಗೆ ಹಾಕಿ ಕೆಸರಿಗೆ ಇಳಿಸಿದೆ. ಇಪ್ಪತ್ತು ಅಡಿ ಹೋಗಿ ಕೂತಿತು. ಆಕ್ಸಿಲರೇಟರ್ ಒತ್ತಿದೆ. ಇನ್ನಷ್ಟು ಕೂತಿತು. ಜೋರಾಗಿ ಒತ್ತಿದೆ. ಹಿಂದೆ ಬಂದು ನೋಡುತ್ತಿದ್ದ ಸಾರ್ ಅವರ ಬಿಳಿ ಶರ್ಟು ಕೆಂಪಾಯಿತು.

ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದ ಹೆಂಗಸೊಬ್ಬರು ಕುಡುಗೋಲು ಹಿಡಿದುಕೊಂಡೇ ಬಂದರು. ಹೊನ್ನಮ್ಮ ಅಂತ, ಅರುವತ್ತರ ಹತ್ತಿರದ ವಯಸ್ಸು, ಆ ತೋಟ ಅವರದೇ. ಗಾಡಿಯ ಸುತ್ತ ಒಂದು ಸುತ್ತು ಬಂದರು.

"ಅಲ್ಲಾ ಕಣಪ್ಪ, ಮುಂದಿನ ಗಾಲಿ ತಿರುಗ್ತಾನೇ ಇಲ್ವಲ್ಲ."

"ತಿರುಗ್ತವೆ ಕಣಮ್ಮ. ಇದು ನಾಕೂ ಚಕ್ರ ಎಳೆಯೋ ಗಾಡಿ."

"ಎಳೀತದೋ ಬುಡ್ತದೋ ನಂಗೊತ್ತಿಲ್ಲ. ಮುಂದಿನವು ನಿಂತವೆ."

"ಗಾಡಿ ಒಳಗೆ ಫೋರ್ ಅಂತ ತೋರಿಸ್ತಾ ಐತೆ."

"ನೀನು ಒಳಗಿದ್ದೀಯ, ನಿಂಗೆ ಒಳಗಿಂದು ಕಾಣ್ತದೆ. ನಾನು ಹೊರಗವ್ನಿ. ನಂಗೆ ಗಾಲಿ ಕಾಣ್ತದೆ."

ಆಗ ಹಬ್ಬುಗಳ ನೆನಪಾಯಿತು. ಕಿವಿ ಬಿಸಿಯಾಯಿತು. ಒಪ್ಪಿಕೊಳ್ಳಲು ನಾಚಿಕೆ. "ಟೈರಿನ ಗಾಳಿ ನೋಡ್ತೀನಿ" ಎಂದು ಇಳಿದು, ಮೊಣಕಾಲುದ್ದ ಕೆಸರಿನಲ್ಲಿ ಕೂತು, ಕೈ ತೂರಿಸಿ ಎರಡೂ ಹಬ್ಬುಗಳನ್ನು ಲಾಕ್ ಮಾಡಿದೆ. ಹೊನ್ನಮ್ಮ ನನ್ನ ಪಕ್ಕದಲ್ಲೇ ಬಗ್ಗಿ ನೋಡಿದರು.

"ಗಾಳಿ ಇಲ್ಲಿ ನೋಡ್ತಾರಾ?" ಅಂದರು.

ಹಬ್ ಲಾಕ್ ಆದರೂ ಗಾಡಿ ತಕ್ಷಣ ಏಳಲಿಲ್ಲ, ಯಾಕೆಂದರೆ ಹಿಂದಿನ ಚಕ್ರಗಳು ಅಷ್ಟರಲ್ಲಿ ತಮಗೆ ತಾವೇ ಗುಂಡಿ ತೋಡಿಕೊಂಡಿದ್ದವು. ರೇಷ್ಮೆ ಹುಳು ಎಲೆ ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿಗಳನ್ನು ಹೊನ್ನಮ್ಮ ಎರಡು ಹೊರೆ ತಂದು ಹಾಕಿದರು. ಚಕ್ರದ ಮುಂದೆ ಹಾಸಿ, ಎರಡನೇ ಗೇರಿನಲ್ಲಿ, ಆಕ್ಸಿಲರೇಟರ್ ಮೇಲೆ ಕಾಲಿಟ್ಟೂ ಇಡದ ಹಾಗೆ ಬಿಟ್ಟೆ. ಗಾಡಿ ನಿದ್ದೆಯಿಂದ ಎದ್ದವರ ಹಾಗೆ ನಿಧಾನಕ್ಕೆ ಎದ್ದು ಮುಂದೆ ನಡೆಯಿತು. ಅವತ್ತು ಕಲಿತಿದ್ದು ಮೂರು. ಕೆಸರಿಗೆ ಇಳಿಯುವ ಮೊದಲೇ ಇಳಿದು ಹಬ್ ಲಾಕ್ ಮಾಡಬೇಕು, ಇಳಿದ ಮೇಲಲ್ಲ. ಚಕ್ರ ಸುಮ್ಮನೆ ತಿರುಗಲು ಶುರುವಾದರೆ ಕಾಲು ತೆಗೆಯಬೇಕು, ಒತ್ತಬಾರದು. ಹೊರಗೆ ನಿಂತವರು ಚಕ್ರ ತಿರುಗುತ್ತಿಲ್ಲ ಅಂದರೆ ನಂಬಬೇಕು.

ಈಗ ಎನ್ ಕಥೆ. ಅದೇ ದಿಬ್ಬ, ಒಂದು ತಿಂಗಳ ನಂತರ. ಬ್ಯಾಟರಿಗಳನ್ನು ಫೋರ್ ಎಲ್‌ನಲ್ಲಿ ಮೇಲೆ ಏರಿಸಿ ಇಳಿಸಿಯಾಗಿತ್ತು. ಗಾಡಿ ನಿಲ್ಲಿಸಿ, ಚಿಕ್ಕ ಗೇರನ್ನು ಟೂ ಎಚ್‌ಗೆ ತಂದೆ ಎಂದುಕೊಂಡೆ. ದೊಡ್ಡ ಗೇರನ್ನು ಒಂದಕ್ಕೆ ಹಾಕಿದೆ. ಗೇರಿನಲ್ಲಿ ನಿಲ್ಲಿಸಿದ ಗಾಡಿ ಎಲ್ಲಿಗೂ ಹೋಗುವುದಿಲ್ಲ, ಟೆಂಪೋ ಕಾಲದಿಂದ ನಾನು ನಂಬಿದ್ದು ಅದು. ಹ್ಯಾಂಡ್ ಬ್ರೇಕಿನ ಕೇಬಲ್ ಸಡಿಲವಾಗಿತ್ತು, ಅರ್ಧ ಎಳೆದು ಬಿಟ್ಟೆ. ಊಟವಾಗಿತ್ತು, ಮುದ್ದೆ, ಅವರೆಕಾಳಿನ ಸಾರು. ಪರಮೇಶ್ ಸಾರ್ ಗಾಡಿಯ ಸೀಟಿನಲ್ಲಿ ತಲೆ ಹಿಂದಕ್ಕೆ ಹಾಕಿ ಮಲಗಿದರು. ನಾನು ಕೈ ತೊಳೆಯಲು ಹೋದೆ.

ತಿರುಗಿ ನೋಡಿದರೆ ಗಾಡಿ ಹೊರಟಿತ್ತು.

ಚಿಕ್ಕ ಗೇರು ಟೂ ಎಚ್‌ವರೆಗೂ ಬಂದಿರಲಿಲ್ಲ, ನಡುವೆ ಎನ್‌ನಲ್ಲೇ ನಿಂತಿತ್ತು. ಅಲ್ಲಿ ನಿಂತರೆ ಎಂಜಿನ್ನಿಗೂ ಚಕ್ರಗಳಿಗೂ ಸಂಬಂಧವೇ ಇರುವುದಿಲ್ಲ. ದೊಡ್ಡ ಗೇರು ಒಂದರಲ್ಲಿದ್ದರೂ ಅಷ್ಟೇ, ಹತ್ತರಲ್ಲಿದ್ದರೂ ಅಷ್ಟೇ. ಇದು ನನಗೆ ಆಮೇಲೆ ಗೊತ್ತಾಗಿದ್ದು. ಆಗ ಗೊತ್ತಿದ್ದದ್ದು ಓಡುವುದೊಂದೇ. ಗಾಡಿ ಮೊದಲು ನಡೆಯುವವರ ವೇಗದಲ್ಲಿತ್ತು, ಬಾಗಿಲ ಹಿಡಿಗೆ ಕೈ ಸಿಕ್ಕಿತು. ಆಮೇಲೆ ಓಡುವವರ ವೇಗಕ್ಕೆ ಬಂತು, ಕೈ ಬಿಟ್ಟುಹೋಯಿತು. ಕಿಟಕಿಯಲ್ಲಿ ಸಾರ್ ಅವರ ಮುಖ ಕಂಡಿತು, ಕಣ್ಣು ಮುಚ್ಚಿತ್ತು, ಬಾಯಿ ತೆರೆದಿತ್ತು. ದಿಬ್ಬದ ಒಂದು ಪಕ್ಕಕ್ಕೆ ಕಲ್ಲಿನ ಹಳೇ ಕ್ವಾರಿ ಇತ್ತು. ಆ ಮನುಷ್ಯನ ಮನೆಯವರಿಗೆ ನಾನು ಏನು ಹೇಳಲಿ ಎಂದು ಓಡುತ್ತಲೇ ಯೋಚಿಸಿದ್ದು ನೆನಪಿದೆ. ಗಾಡಿ ಗಾಡಿಜಾಡಿನ ಕೊರಕಲು ಹಿಡಿದು ಇನ್ನೊಂದು ಪಕ್ಕಕ್ಕೆ ತಿರುಗಿತು, ಹೊನ್ನಮ್ಮನ ಕಣದ ಕಡೆಗೆ. ಅಲ್ಲಿ ಮನೆಯಷ್ಟು ಎತ್ತರಕ್ಕೆ ಒಟ್ಟಿದ್ದ ರಾಗಿ ಹುಲ್ಲಿನ ಮೆದೆ. ಗಾಡಿ ಅದರೊಳಗೆ ಸದ್ದೇ ಇಲ್ಲದೆ ಅರ್ಧ ಮುಳುಗಿ ನಿಂತಿತು.

ಏದುಸಿರು ಬಿಡುತ್ತಾ ಬಾಗಿಲು ತೆಗೆದೆ. ಸಾರ್ ಕಣ್ಣು ಬಿಟ್ಟರು.

"ಸೈಟ್ ಬಂತೇನಯ್ಯ?"

ನನ್ನ ಬಾಯಿಂದ ಬಂದದ್ದು, "ಬಂತು ಸಾರ್."

"ಕತ್ತಲಾಗಿದೆಯಲ್ಲ?"

ಗಾಜಿನ ತುಂಬ ಹುಲ್ಲು. "ಮೋಡ ಸಾರ್" ಅಂದೆ.

ಅಷ್ಟರಲ್ಲಿ ಹೊನ್ನಮ್ಮ ಬಂದು ಮೆದೆಯನ್ನೂ ಗಾಡಿಯನ್ನೂ ನನ್ನನ್ನೂ ಸಾವಕಾಶವಾಗಿ ನೋಡಿ, "ಅವತ್ತು ಗಾಲಿ ತಿರುಗ್ತಿಲ್ಲ ಅಂದೆ. ಇವತ್ತು ಚೆನ್ನಾಗಿ ತಿರುಗ್ಯವೆ" ಅಂದರು. ಸಾರ್ ಇಳಿದು, ತಲೆಯ ಮೇಲಿನ ಹುಲ್ಲು ತೆಗೆದು, ಏನೂ ಕೇಳದೆ ಸೈಟಿನ ಕಾಗದಗಳನ್ನು ತೆಗೆದು ನೋಡತೊಡಗಿದರು.

ಅವತ್ತು ಸಂಜೆ ನನಗೆ ಊಟ ಸೇರಲಿಲ್ಲ. ಸುಳ್ಳು ಹೇಳಿದ್ದು ಒಂದು ಕಡೆ, ಕ್ವಾರಿ ಇನ್ನೊಂದು ಕಡೆ. ಮಾರನೇ ದಿನ ಬೆಳಿಗ್ಗೆ ಆಫೀಸಿಗೆ ಹೋಗಿ, ಕೆಲಸ ಹೋದರೂ ಹೋಗಲಿ ಎಂದು ಎಲ್ಲವನ್ನೂ ಹೇಳಿದೆ. ಸಾರ್ ಬಾಗಿಲು ಹಾಕಿಕೊಂಡು ಬಂದು ಕೂತರು.

"ನಾನು ಎದ್ದಿದ್ದೆ ಕಣಯ್ಯ."

"ಯಾವಾಗ ಸಾರ್?"

"ಗಾಡಿ ಹೊರಟಾಗಲೇ. ಪಕ್ಕಕ್ಕೆ ನೋಡ್ದೆ, ನೀನಿಲ್ಲ. ಕಣ್ಣು ಮುಚ್ಚಿಕೊಂಡುಬಿಟ್ಟೆ."

"ಹ್ಯಾಂಡ್ ಬ್ರೇಕ್ ಎಳೀಬೋದಿತ್ತಲ್ಲ ಸಾರ್. ನಿಮ್ಮ ಪಕ್ಕದಲ್ಲೇ ಇತ್ತು."

ಅವರು ಮೇಜಿನ ಮೇಲಿದ್ದ ಮೂರೂ ಪೆನ್ನುಗಳನ್ನು ಸಾಲಾಗಿ ಜೋಡಿಸಿದರು. "ಅದು ಯಾವುದು ಅಂತ ಗೊತ್ತಿದ್ರೆ ತಾನೇ ಎಳೆಯೋದು. ನಂಗೆ ಗಾಡಿ ಓಡಿಸೋಕೆ ಬರಲ್ಲ ಸಿದ್ದರಾಜು. ಸ್ಕೂಟರೂ ಬರಲ್ಲ. ಯಾರಿಗೂ ಹೇಳ್ಬೇಡ."

ಇಷ್ಟು ವರ್ಷ ನಾನು ಹೇಳಲಿಲ್ಲ. ಈಗ ಅವರೂ ನಿವೃತ್ತರಾಗಿದ್ದಾರೆ, ಅವರನ್ನೇ ಕೇಳಿ ಬರೆದಿದ್ದೇನೆ.

ಆ ದಿನದಿಂದ ನಮ್ಮಿಬ್ಬರಲ್ಲಿ ಒಂದು ಪದ್ಧತಿ ಬಂತು. ಗಾಡಿ ನಿಲ್ಲಿಸಿದಾಗಲೆಲ್ಲ ನಾನು ಗಟ್ಟಿಯಾಗಿ ಹೇಳಬೇಕು, ಸಾರ್ ಮುಟ್ಟಿ ನೋಡಿ ತಿರುಗಿ ಹೇಳಬೇಕು. "ಚಿಕ್ಕ ಗೇರು ಟೂ ಎಚ್." "ಟೂ ಎಚ್." "ದೊಡ್ಡ ಗೇರು ಒಂದು." "ಒಂದು." "ಹ್ಯಾಂಡ್ ಬ್ರೇಕ್ ಪೂರ್ತಿ." "ಪೂರ್ತಿ." "ಚಕ್ರಕ್ಕೆ ಕಲ್ಲು." "ಕಲ್ಲು." ಕನಕಪುರದ ಒಂದು ಟೀ ಅಂಗಡಿಯವರು, ನಾವು ಯಾವುದೋ ಮಠಕ್ಕೆ ಸೇರಿದವರು ಎಂದುಕೊಂಡು ನಮಗೆ ಈರುಳ್ಳಿ ಹಾಕದ ಬೋಂಡಾ ಕೊಡುತ್ತಿದ್ದರು. ಅದೇನು ಅಂತ ಬಿಡಿಸಿ ಹೇಳಲು ಹೋಗಲಿಲ್ಲ. ಹೊನ್ನಮ್ಮನ ಮೆದೆಯನ್ನು ನಾವಿಬ್ಬರೇ ಮತ್ತೆ ಒಟ್ಟಿಕೊಟ್ಟೆವು. ಅದು ಒಂದು ಕಡೆಗೆ ವಾಲಿತ್ತು. "ಇರ್ಲಿ ಬುಡಿ, ಹಸ ಏನು ನೆಟ್ಟಗೈತಾ ಅಂತ ನೋಡಿ ತಿಂತದಾ" ಅಂದರು ಆಕೆ.

ಕನಕಪುರ ಅಂದಾಗ ಇನ್ನೊಂದು ಹೇಳಬೇಕು. ನನಗೆ ಎಲ್ಲ ಬಂತು ಅನ್ನುವ ಧೈರ್ಯ ಬಂದಿದ್ದ ಕಾಲ. ಕನಕಪುರದ ಆಚೆ ಒಂದು ಕಾಲುವೆ ದಾಟಬೇಕಿತ್ತು. ಓರೆಯಾಗಿ ಇಳಿಸಿದೆ. ಮುಂದಿನ ಎಡ ಚಕ್ರವೂ ಹಿಂದಿನ ಬಲ ಚಕ್ರವೂ ಗಾಳಿಯಲ್ಲಿ ತೇಲಿದವು. ಆ ಎರಡೂ ಚಕ್ರಗಳು ಫ್ಯಾನಿನ ಹಾಗೆ ತಿರುಗುತ್ತಿವೆ, ನೆಲದ ಮೇಲಿದ್ದ ಎರಡು ಸುಮ್ಮನೆ ನಿಂತಿವೆ. ಹಬ್ ಲಾಕ್ ಆಗಿದೆ, ಫೋರ್ ಎಲ್ ಇದೆ, ಆದರೂ ಗಾಡಿ ಹೋಗದು. ಶಕ್ತಿಯೆಲ್ಲ ಯಾವ ಚಕ್ರಕ್ಕೆ ಹಿಡಿತ ಇಲ್ಲವೋ ಅದಕ್ಕೇ ಹೋಗುತ್ತದೆ ಅನ್ನುವುದು ಆಗ ತಿಳಿಯಿತು. ಕೊನೆಗೆ ಸಾರ್ ಹಿಂದಿನ ಬಲ ಮೂಲೆಯ ಬಂಪರ್ ಮೇಲೆ ನಿಂತು ಕುಣಿಯಬೇಕಾಯಿತು. ಅವರು ಕುಣಿದು ಕೆಳಗೆ ಬಂದಾಗಲೆಲ್ಲ ಚಕ್ರ ನೆಲ ಮುಟ್ಟುತ್ತಿತ್ತು, ಗಾಡಿ ಒಂದು ಗೇಣು ಮುಂದೆ. ಕಬ್ಬಿನ ಗದ್ದೆಯವರೆಲ್ಲ ಕೆಲಸ ಬಿಟ್ಟು ನಿಂತು ನೋಡಿದರು. ಗಾಡಿ ದಾಟಿದ ಮೇಲೂ ಅವರು ಹೋಗಲಿಲ್ಲ, ಇನ್ನೂ ಏನಾದರೂ ಇರಬಹುದು ಎಂದು ಕಾದರು.

ಈಗಿನ ಗಾಡಿಗಳಲ್ಲಿ ಚಿಕ್ಕ ಗೇರೇ ಇಲ್ಲ ಎಂದು ರವಿ ಹೇಳಿದ. ರೇಡಿಯೋ ತಿರುಗಿಸುವಂಥ ಒಂದು ಗುಂಡಿ ಇದೆಯಂತೆ. ಹಬ್ಬು ತಾನೇ ಲಾಕ್ ಆಗುತ್ತದಂತೆ, ಇಳಿಜಾರಿನಲ್ಲಿ ಹಿಡಿದುಕೊಳ್ಳಲೂ ಒಂದು ಬಟನ್ ಇದೆಯಂತೆ. ಸಂತೋಷ. ಆದರೆ ಯಾವ ಬಟನ್ನೂ ಡ್ರೈವರ್‌ನ ಬಲಗಾಲನ್ನು ಹಿಡಿದುಕೊಳ್ಳುವುದಿಲ್ಲ. ಇಳಿಜಾರಿನಲ್ಲಿ ನಮ್ಮ ಶತ್ರು ಆ ಕಾಲೇ. ಅದನ್ನು ನಾನು ಕಲಿತದ್ದು ಮಾಗಡಿ ಕಡೆಯ ಒಂದು ಬಂಡೆ ಗುಡ್ಡದಲ್ಲಿ.

ಆ ಗುಡ್ಡದ ತುದಿಗೆ ಬಂಡೆ ಕೊರೆದು ಒಂದು ದಾರಿ ಮಾಡಿದ್ದರು. ಒಂದೇ ಗಾಡಿಯ ಅಗಲ, ಒಂದು ಕಡೆ ಗೋಡೆ, ಇನ್ನೊಂದು ಕಡೆ ಮಾಗಡಿಯ ಹೊಲಗಳು, ಬಹಳ ಕೆಳಗೆ. ಟವರ್ ಹತ್ತುವ ಕೆಲಸ ಶಿವಣ್ಣನದು. ನಲವತ್ತು ಮೀಟರ್ ಎತ್ತರದಲ್ಲಿ ಒಂದು ಕೈಯಲ್ಲಿ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುವವನು. ಎಷ್ಟೋ ವರ್ಷದಲ್ಲಿ ಒಂದು ಸಲವೂ ಬಿದ್ದವನಲ್ಲ. ಅವತ್ತು ಕೋತಿಯೊಂದು ಅವನ ಊಟದ ಕ್ಯಾರಿಯರ್ ಎತ್ತಿಕೊಂಡಿತು. ಅಟ್ಟಿಸಿಕೊಂಡು ಹೋಗಿ ಮೂರಡಿ ಎತ್ತರದ ಬಂಡೆಯಿಂದ ಬಿದ್ದ. ಪಾದದ ಕೀಲು ನೋಡನೋಡುತ್ತಿದ್ದಂತೆ ತೆಂಗಿನಕಾಯಿಯಷ್ಟು ಊದಿಕೊಂಡಿತು. ಕೋತಿ ಮೇಲೆ ಕೂತು ಚಿತ್ರಾನ್ನ ತಿಂದಿತು.

ಅಷ್ಟರಲ್ಲಿ ಮಳೆ ಶುರುವಾಯಿತು. ಮಧ್ಯಾಹ್ನ ಮೂರು ಗಂಟೆ. ಕಾದರೆ ದಾರಿಯ ಮಣ್ಣು ಕೊಚ್ಚಿಹೋಗುತ್ತದೆ, ಹೋದರೆ ಒದ್ದೆ ಬಂಡೆ. ಶಿವಣ್ಣನ ಮುಖ ನೋವಿನಲ್ಲಿ ಬೂದಿಯ ಬಣ್ಣವಾಗಿತ್ತು. ಸಾರ್ ನನ್ನನ್ನು ನೋಡಿದರು.

"ಆಗುತ್ತೇನಯ್ಯ?"

"ಆಯ್ತದೆ ಸಾರ್. ನಾನು ಹೇಳ್ದಂಗೆ ಬುಟ್ರೆ."

ಕ್ಯಾಬಿನ್ನಿನಲ್ಲಿ ಇರುವುದು ಒಂದೇ ಸಾಲಿನ ಉದ್ದ ಸೀಟು. ಶಿವಣ್ಣನನ್ನು ಮಧ್ಯೆ ಕೂರಿಸಿದರೆ ಅವನ ಕಾಲು ಎರಡೂ ಗೇರುಗಳಿಗೆ ಅಡ್ಡ. ಅದಕ್ಕೇ ಓರೆಯಾಗಿ ಕೂರಿಸಿ, ಊದಿದ ಕಾಲನ್ನು ಸಾರ್ ಅವರ ತೊಡೆಯ ಮೇಲೆ ಇಟ್ಟೆವು. ಕಾಲು ಅಲ್ಲಾಡದಂತೆ ಹಿಡಿದುಕೊಳ್ಳುವುದು ಸಾರ್ ಕೆಲಸ. ನಾನು ಇಳಿದು ಹಬ್ ಲಾಕ್ ಮಾಡಿ, ಎರಡು ಸಲ ಮುಟ್ಟಿ ನೋಡಿ, ಸಮತಟ್ಟಾದ ಜಾಗದಲ್ಲೇ ಫೋರ್ ಎಲ್ ಹಾಕಿ, ಒಂದನೇ ಗೇರಿಗೆ ತಂದು, ಎರಡೂ ಕಾಲುಗಳನ್ನು ಪೆಡಲ್‌ಗಳಿಂದ ತೆಗೆದುಬಿಟ್ಟೆ.

ಗಾಡಿ ಇಳಿಜಾರಿಗೆ ಮೂತಿ ಇಟ್ಟಿತು.

"ಬ್ರೇಕ್ ಒತ್ತಯ್ಯ" ಅಂದರು ಸಾರ್.

"ಬ್ಯಾಡ ಸಾರ್. ಒತ್ತಿದ್ರೆ ಚಕ್ರ ನಿಂತು ಗಾಡಿ ಜಾರ್ತದೆ. ಎಂಜಿನ್ನೇ ಹಿಡ್ಕೊಂಡೈತೆ."

ನಿಜಕ್ಕೂ ಹಿಡಿದುಕೊಂಡಿತ್ತು. ಗೊರಗೊರ ಅನ್ನುತ್ತಾ ಮೆಟ್ಟಿಲು ಇಳಿಯುವ ಮುದುಕಿಯ ಹಾಗೆ ಒಂದೊಂದೇ ಹೆಜ್ಜೆ. ಆದರೆ ಸಾರ್‌ಗೆ ಭಯ. ಭಯವಾದಾಗ ಎಲ್ಲರೂ ಕೈಗೆ ಸಿಕ್ಕಿದ್ದನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ. ಅವರ ಕೈಯಲ್ಲಿ ಇದ್ದದ್ದು ಶಿವಣ್ಣನ ಕಾಲು.

"ಅಯ್ಯಪ್ಪಾ" ಅಂದ ಶಿವಣ್ಣ.

"ಏನಾಯ್ತು?"

"ನೀವು ಸಾರ್."

ಹಾಗೆ ಇಳಿದೆವು. ದಾರಿ ಕಡಿದಾದ ಕಡೆಯೆಲ್ಲ ಶಿವಣ್ಣ ಕೂಗುತ್ತಿದ್ದ. ಅವನ ಕೂಗಿನಿಂದಲೇ ಮುಂದಿನ ತಿರುವು ಎಂಥದ್ದೆಂದು ಅಂದಾಜು ಸಿಗುತ್ತಿತ್ತು. ಅರ್ಧ ದಾರಿಯಲ್ಲಿ, ನೀರು ಹರಿಯುತ್ತಿದ್ದ ಪಾಚಿ ಬಂಡೆಯ ಮೇಲೆ ಗಾಡಿಯ ಹಿಂಭಾಗ ಹೊಲಗಳ ಕಡೆಗೆ ಜಾರಲು ಶುರುವಾಯಿತು. ಸ್ಟೇರಿಂಗ್ ಕೈಯಲ್ಲಿ ಹಗುರವಾಯಿತು. ಮೈಯೆಲ್ಲ ಬ್ರೇಕ್ ಒತ್ತು ಅನ್ನುತ್ತಿತ್ತು. ಬಲಗಾಲು ತಾನಾಗಿಯೇ ಎದ್ದು ಬ್ರೇಕಿನ ಮೇಲೆ ಹೋಯಿತು. ಅಲ್ಲೇ ತಡೆದೆ. ಅಲ್ಲಿಂದ ತೆಗೆದು ಪಕ್ಕದ ಆಕ್ಸಿಲರೇಟರ್ ಮೇಲಿಟ್ಟು, ಜಾರುವ ವೇಗಕ್ಕೆ ಚಕ್ರದ ವೇಗ ಸೇರುವಷ್ಟು ಮಾತ್ರ, ಕೂದಲೆಳೆಯಷ್ಟು ಒತ್ತಿದೆ. ಗುಡ್ಡ ಇಳಿಯುವಾಗ ಆಕ್ಸಿಲರೇಟರ್ ಒತ್ತಲು ಎಷ್ಟು ಧೈರ್ಯ ಬೇಕು ಎಂದು ಮಾಡಿ ನೋಡಿದವರಿಗೇ ಗೊತ್ತು. ನಾಲ್ಕೂ ಚಕ್ರ ಒಟ್ಟಿಗೆ ಹಿಡಿದವು. ಹಿಂಭಾಗ ನೆಟ್ಟಗಾಯಿತು. ಕಾಲು ತೆಗೆದೆ. ಶಿವಣ್ಣ ಆ ಕ್ಷಣ ಕೂಗಿದ್ದು ಮಾತ್ರ ಮಾಗಡಿಯವರೆಗೂ ಕೇಳಿರಬೇಕು.

ಅಷ್ಟರಲ್ಲಿ ಹಿಂದಿನಿಂದ ಆಡುಗಳ ಮಂದೆ ಬಂತು. ಗೋಡೆಯ ಪಕ್ಕದಲ್ಲಿ ಒಂದೊಂದಾಗಿ ನುಸುಳಿ ನಮ್ಮನ್ನು ದಾಟಿ ಮುಂದೆ ಹೋದವು. ಅವುಗಳ ಹಿಂದೆ ಗೋಣಿಕೊಪ್ಪೆ ಹೊದ್ದ ಮುದುಕ ಕಿಟಕಿಯ ಪಕ್ಕಕ್ಕೆ ಬಂದು, ಒಂದಷ್ಟು ದೂರ ನಮ್ಮ ಜೊತೆಗೇ ನಡೆದ.

"ಗಾಡಿ ಕೆಟ್ಟೋಗೈತಾ?" ಅಂದ.

"ಇಲ್ಲ ತಾತ, ಚೆನ್ನಾಗೈತೆ."

"ಮತ್ತೆ ಓಡಿಸ್ಕಂಡು ಹೋಗಾಕಿಲ್ವಾ?"

"ಓಡಿಸ್ತಾನೇ ಇದೀನಿ."

ಅವನು ಇನ್ನೊಮ್ಮೆ ಚಕ್ರಗಳನ್ನು ನೋಡಿ, ನಮ್ಮ ಮೂವರನ್ನು ನೋಡಿ, "ನಾನು ಮುಂದೆ ಹೋಗಿರ್ತೀನಿ" ಎಂದು ಹೇಳಿ ಹೋದ. ನಾವು ಬುಡಕ್ಕೆ ಬಂದಾಗ ಅವನು ಬೀಡಿ ಮುಗಿಸಿ ಎದ್ದು ಹೋಗಿಯೂ ಆಗಿತ್ತು. ಅಲ್ಲಿ ಹಬ್ ಬಿಡಿಸಿ, ಟೂ ಎಚ್‌ಗೆ ತಂದು, ಟಾರಿನ ಮೇಲೆ ಮಾಗಡಿಗೆ ಹೊರಟೆ.

ಮಾಗಡಿಯ ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರಮ್ಮ ಎಕ್ಸ್‌ರೇ ನೋಡಿದರು. ಕೀಲಿನಲ್ಲಿ ಬಿರುಕು, ಪಟ್ಟಿ ಕಟ್ಟಿದರೆ ಕೂಡಿಕೊಳ್ಳುತ್ತದೆ, ಹೆದರಬೇಕಾದ್ದಿಲ್ಲ ಅಂದರು. ನಾವು ಮೂವರೂ ಉಸಿರು ಬಿಟ್ಟೆವು. ಆಮೇಲೆ ಅವರು ಶಿವಣ್ಣನ ಮೀನಖಂಡದ ಮೇಲೆ ಬಗ್ಗಿ ನೋಡಿದರು. ಅಲ್ಲಿ ಸಾಲಾಗಿ ನಾಲ್ಕು ನೀಲಿ ಗುರುತು, ಹಿಂದುಗಡೆ ಒಂದು.

"ಕೆಳಗಿಂದು ಬಿದ್ದ ಏಟು ಸರಿ. ಇಲ್ಲಿ ಮೇಲೆ ಏನಾಯ್ತು?"

ಪರಮೇಶ್ ಸಾರ್ ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡರು.

"ಏನಿಲ್ಲ ಡಾಕ್ಟ್ರಮ್ಮ" ಅಂದ ಶಿವಣ್ಣ. "ನಮ್ ಸಾರು ಬ್ರೇಕ್ ಒತ್ಕೊಂಡು ಬಂದ್ರು."